"ಎಲ್ಲಾ ಛಲೋ ಐತ್ರಿ" ದಾಟಿ ನಿಜ ತಿಳಿಯೋದು: ಕೆಲಸಗಾರರಿಗೂ ಗಿರಾಕಿಗಳಿಗೂ ಸರ್ವೆ ಹೇಗೆ ಮಾಡಬೇಕು

ಬಳ್ಳಾರಿಯ ಒಂದು ಜೀನ್ಸ್ ಯುನಿಟ್‌ನಲ್ಲಿ ನಲವತ್ತು ಜನ ಕೆಲಸ ಮಾಡುತ್ತಿದ್ದರು. ದಸರಾ ಮುಗಿದ ವಾರವೇ ಒಂಬತ್ತು ಟೈಲರ್‌ಗಳು ಕೆಲಸ ಬಿಟ್ಟರು. ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. ಯಾಕಂದ್ರೆ ಎರಡು ತಿಂಗಳ ಹಿಂದೆ ಅವರೇ ಒಂದು ಸರ್ವೆ ಮಾಡಿಸಿದ್ದರು, ಅದರಲ್ಲಿ ಹೆಚ್ಚುಕಡಿಮೆ ಎಲ್ಲರೂ 'ತೃಪ್ತಿಯಿದೆ' ಅನ್ನೋದಕ್ಕೆ ಟಿಕ್ ಹಾಕಿದ್ದರು. ಆ ಯುನಿಟ್‌ನ ಪಗಾರದ ಲೆಕ್ಕ ನಾನೇ ಬರೆಯುತ್ತೇನೆ. ಫಾರಂಗಳ ಕಟ್ಟನ್ನು ನನ್ನ ಮುಂದಿಟ್ಟು "ನೋಡ್ರಿ, ಎಲ್ಲಾ ಛಲೋ ಐತಿ ಅಂತ ಬರದಾರ" ಅಂದರು. ನೋಡಿದೆ. ಮೇಲೆ ಹೆಸರು, ಕೆಳಗೆ ಸಹಿ. ತುಂಬಿಸಿಕೊಂಡವರು ಸೂಪರ್‌ವೈಸರ್. ದಿನಾ ಸಂಜೆ ಪೀಸ್ ಎಣಿಸಿ ಬುಕ್ಕಿಗೆ ಹಾಕುವವರೂ ಅವರೇ. ಅವರ ಕೈಗೆ ಕೊಡುವ ಕಾಗದದಲ್ಲಿ ಯಾರು ತಾನೇ ಮನಸ್ಸಿನ ಮಾತು ಬರೆಯುತ್ತಾರೆ?

ನಮ್ಮ ಕಡೆ ಯಾರನ್ನಾದರೂ ಹೇಗಿದೆ ಅಂತ ಕೇಳಿದರೆ ಮೊದಲು ಬರುವ ಮಾತೇ "ಎಲ್ಲಾ ಛಲೋ ಐತ್ರಿ". ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಉಪ್ಪಾಗಿದ್ದರೂ ಹಾಗೇ ಹೇಳುತ್ತೇವೆ, ಅಲ್ವಾ? ಅದು ಮರ್ಯಾದೆ. ಅನ್ನ ಕೊಡುವವರು ಕೇಳಿದಾಗ ಅದರ ಜೊತೆ ಭಯವೂ ಸೇರುತ್ತದೆ. ಒಳ್ಳೆ ಸರ್ವೆ ಅಂದರೆ ಈ ಎರಡನ್ನೂ ದಾಟಿ ಒಳಗಿನ ಮಾತಿಗೆ ತಲುಪುವ ದಾರಿ. ಆಮೇಲೆ ಆ ಯುನಿಟ್‌ನಲ್ಲಿ ಇನ್ನೊಮ್ಮೆ ಮಾಡಿದೆವು, ಬೇರೆ ಕೆಲವು ಅಂಗಡಿಗಳಿಗೂ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಉತ್ತರ ಬಂದ್ರೆ ಏನು ಮಾಡ್ತೀರಿ?

ಪ್ರಶ್ನೆ ಬರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಈ ಸರ್ವೆಯಿಂದ ಯಾವ ತೀರ್ಮಾನ ತೆಗೆದುಕೊಳ್ಳಬೇಕು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. 'ಬೆಳಗಿನ ಪಾಳಿ ಎಂಟೂವರೆಗೆ ಶುರು ಮಾಡಬೇಕಾ, ಒಂಬತ್ತಕ್ಕಾ?' 'ಹಳೆ ಗಿರಾಕಿಗಳು ಯಾಕೆ ಬರುತ್ತಿಲ್ಲ?' ಇಂಥದ್ದು. 'ಜನರ ಅಭಿಪ್ರಾಯ ತಿಳಿಯಬೇಕು' ಅಂತ ಬರೆದರೆ ಅದು ತೀರ್ಮಾನ ಆಗಲಿಲ್ಲ, ಇನ್ನೊಮ್ಮೆ ಯೋಚಿಸಿ. ಆಮೇಲೆ ಒಂದೊಂದು ಪ್ರಶ್ನೆಯ ಪಕ್ಕದಲ್ಲೂ 'ಹೌದು ಅಂದರೆ ಇದು ಮಾಡುತ್ತೇನೆ, ಇಲ್ಲ ಅಂದರೆ ಅದು' ಅಂತ ಬರೆದು ನೋಡಿ. ಪಕ್ಕದಲ್ಲಿ ಬರೆಯಲು ಏನೂ ಇಲ್ಲದ ಪ್ರಶ್ನೆಯನ್ನು ಹೊಡೆದುಹಾಕಿ. ಮೂವತ್ತು ಪ್ರಶ್ನೆ ಇದ್ದದ್ದು ಸಾಮಾನ್ಯವಾಗಿ ಹತ್ತಕ್ಕೆ ಇಳಿಯುತ್ತದೆ.

ಈ ವರ್ಷ ಪೀಸ್ ರೇಟ್ (ಹೊಲಿದ ಒಂದೊಂದು ಪೀಸಿಗೆ ಕೊಡುವ ಹಣ) ಏರಿಸಲು ಆಗಲ್ಲ ಅಂತ ನಿಮಗೆ ಖಚಿತ ಗೊತ್ತಿದ್ದರೆ 'ರೇಟ್ ಬಗ್ಗೆ ತೃಪ್ತಿ ಇದೆಯಾ?' ಅಂತ ಸುಮ್ನೆ ಕೇಳಬೇಡಿ. ಕೇಳಿದ ಕ್ಷಣವೇ ಜನರಿಗೆ ಆಸೆ ಹುಟ್ಟುತ್ತದೆ. ಕೇಳಲೇಬೇಕಿದ್ದರೆ, ಈ ವರ್ಷ ಆಗಲ್ಲ, ಮುಂದಿನ ವರ್ಷದ ಲೆಕ್ಕಕ್ಕೆ ಕೇಳುತ್ತಿದ್ದೇವೆ ಅಂತ ಮೊದಲೇ ಬರೆದುಬಿಡಿ.

ಹೆಸರಲ್ಲೂ ಎಚ್ಚರ ಬೇಕು. ನಮ್ಮ ಹಳ್ಳಿಗಳಲ್ಲಿ ಸರ್ವೆ ಅಂದರೆ ಜಮೀನು ಅಳೆಯೋದು, ಇಲ್ಲಾ ಸರ್ಕಾರದವರು ಮನೆಮನೆಗೆ ಬಂದು ಬರೆದುಕೊಳ್ಳೋದು. ಹಾಗಾಗಿ ನಾನು ಫಾರಂ ಮೇಲೆ ಆ ಪದ ಹಾಕುವುದಿಲ್ಲ. 'ನಿಮ್ಮ ಮಾತು, 5 ನಿಮಿಷ' ಅಂತ ಹಾಕುತ್ತೇನೆ.

ಚಹಾ ಕುಡಿಯುತ್ತಾ ಪದ ಹುಡುಕಿ

ಕುರ್ಚಿಯಲ್ಲಿ ಕೂತು ಪ್ರಶ್ನೆ ಬರೆಯಲು ಹೋಗಬೇಡಿ. ಮೊದಲು ಐದಾರು ಜನರ ಹತ್ತಿರ ಮಾತಾಡಿ, ಒಬ್ಬೊಬ್ಬರ ಹತ್ತಿರ ಬೇರೆ ಬೇರೆ. ಕಟಿಂಗ್ ಮಾಸ್ಟರ್ ಒಬ್ಬರು, ಹೊಸ ಟೈಲರ್ ಒಬ್ಬರು, ದಾರ ಕತ್ತರಿಸುವ ಹೆಣ್ಣುಮಕ್ಕಳಲ್ಲಿ ಒಬ್ಬರು, ಪ್ಯಾಕಿಂಗ್ ಹುಡುಗ ಒಬ್ಬ. ಅಕ್ಕಿ ಗಿರಣಿ ಆದರೆ ಹಮಾಲರನ್ನು ಬಿಡಬೇಡಿ. 'ಕೆಲಸದಲ್ಲಿ ಯಾವ ದಿನ ಜಾಸ್ತಿ ಬೇಜಾರಾಗುತ್ತದೆ?' ಅಂತ ಕೇಳಿ ಸುಮ್ಮನಿರಿ. ಅವರು ಬಳಸುವ ಪದಗಳನ್ನು ಹಾಗೇ ಬರೆದುಕೊಳ್ಳಿ.

ಈ ಪದಗಳೇ ಮುಂದೆ ನಿಮ್ಮ ಬಂಡವಾಳ. 'ವೇತನ' ಅಂತ ಬರೆದರೆ ಅರ್ಥ ಆಗುತ್ತದೆ, ಆದರೆ ಅದು ಸರ್ಕಾರಿ ಕಾಗದದ ಹಾಗೆ ಕೇಳುತ್ತದೆ. ತಿಂಗಳಿಗೆ ಬರೋದು ಪಗಾರ, ವಾರಕ್ಕೆ ಕೊಡೋದು ಬಟವಾಡೆ, ರಜೆ ಅಂದರೆ ಸೂಟಿ. 'ಕೆಲಸದ ವಾತಾವರಣ' ಅಂತ ಕೇಳಿದಾಗ ಒಬ್ಬರು ಫ್ಯಾನ್ ಬಗ್ಗೆ ಬರೆದರು, ಇನ್ನೊಬ್ಬರು ಜಗಳದ ಬಗ್ಗೆ. ಇಬ್ಬರದೂ ತಪ್ಪಲ್ಲ, ಪ್ರಶ್ನೆಯೇ ಎರಡು ಅರ್ಥದ್ದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಕೇಳಿದರೆ ಎಲ್ಲರೂ ಫ್ಯಾನ್ ಬಗ್ಗೆಯೇ ಬರೆಯುತ್ತಾರೆ ಅಂತ ಬೇರೆ ಹೇಳಬೇಕಾ?

ಬಳ್ಳಾರಿಯಲ್ಲಿ ಒಂದೇ ಶೆಡ್ಡಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಕನ್ನಡ ಫಾರಂ ಮಾತ್ರ ಕೊಟ್ಟರೆ ಓದಲು ಬಾರದವರು ಪಕ್ಕದವರನ್ನು ಕೇಳಿ ಅವರ ಉತ್ತರವನ್ನೇ ಹಾಕುತ್ತಾರೆ. ತೆಲುಗಿಗೆ ಒಬ್ಬರಿಂದ ಮಾಡಿಸಿ, ಅದನ್ನು ಮತ್ತೊಬ್ಬರಿಂದ ಕನ್ನಡಕ್ಕೆ ವಾಪಸ್ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಅರ್ಥ ಜಾರಿದೆ ಅಂತ ತಕ್ಷಣ ಕಾಣುತ್ತದೆ.

ಪ್ರಶ್ನೆ ಬರೆಯುವಾಗ

ಇಲ್ಲೇ ಜಾಸ್ತಿ ಕೆಲಸ ಇರೋದು, ಸ್ವಲ್ಪ ನಿಧಾನವಾಗಿ ಓದಿ.

ಒಂದು ಪದ ಎಷ್ಟು ಬದಲಾವಣೆ ಮಾಡುತ್ತದೆ ಅನ್ನೋದಕ್ಕೆ ಹಳೆಯ ಒಂದು ಪ್ರಯೋಗ ಇದೆ. 1974ರಲ್ಲಿ ಅಮೆರಿಕದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿಕ್ಕ ಸಿನಿಮಾ ತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ 'ಡಿಕ್ಕಿ ಹೊಡೆದಾಗ' ಅನ್ನುವ ಅರ್ಥದ ಪದ ಬಳಸಿದರು, ಕೆಲವರಿಗೆ 'ಜೋರಾಗಿ ಅಪ್ಪಳಿಸಿದಾಗ' ಅನ್ನುವಂಥದ್ದು. ಮೊದಲನೆಯವರು ಸರಾಸರಿ ಗಂಟೆಗೆ 34 ಮೈಲಿ ಅಂದರು, ಎರಡನೆಯವರು ಸುಮಾರು 41. ನೋಡಿದ ತುಣುಕುಗಳು ಅವೇ. 'ನಮ್ಮ ಉತ್ತಮ ಸೇವೆ ನಿಮಗೆ ಹೇಗನಿಸಿತು?' ಅಂತ ಕೇಳುವ ಅಂಗಡಿಯವರು ಇದನ್ನೇ ತಮಗೆ ಗೊತ್ತಿಲ್ಲದೆ ಮಾಡುತ್ತಿರುತ್ತಾರೆ. 'ಉತ್ತಮ' ತೆಗೆಯಿರಿ.

ಒಂದು ಪ್ರಶ್ನೆಯಲ್ಲಿ ಎರಡು ವಿಷಯ ಕಟ್ಟಬೇಡಿ. 'ಪಗಾರ ಮತ್ತು ಸೂಟಿ ಸರಿಯಾಗಿ ಸಿಗುತ್ತವೆಯೇ?' ಅಂತ ಕೇಳಿದರೆ, ಪಗಾರ ಸರಿಯಾಗಿ ಸಿಕ್ಕಿ ಸೂಟಿ ಸಿಗದವರು ಎಲ್ಲಿ ಟಿಕ್ ಹಾಕಬೇಕು? 'ಮತ್ತು', 'ಹಾಗೂ' ಕಂಡ ಕಡೆಯೆಲ್ಲಾ ನಿಂತು ನೋಡಿ.

ಮುಂದಿನದ್ದನ್ನು ಕೇಳುವ ಬದಲು ಹಿಂದಿನದ್ದನ್ನು ಕೇಳಿ. 'ನಾವು ಮನೆಗೆ ಅಕ್ಕಿ ತಲುಪಿಸಿದರೆ ಕೊಳ್ಳುತ್ತೀರಾ?' ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಗಂಗಾವತಿ ಕಡೆಯ ಒಂದು ಅಕ್ಕಿ ಅಂಗಡಿಯವರು ಇದನ್ನೇ ನಂಬಿ ಗಾಡಿ ಕೊಳ್ಳಲು ಹೊರಟಿದ್ದರು. ನಾನು ಬೇರೆ ಪ್ರಶ್ನೆ ಬರೆದುಕೊಟ್ಟೆ. 'ಕಳೆದ ಸಲ ಸೋನಾ ಮಸೂರಿ ಎಷ್ಟು ಕಿಲೋ ತಗೊಂಡ್ರಿ? ಮನೆಗೆ ಹೇಗೆ ಒಯ್ದಿರಿ? ಅದಕ್ಕೆ ಎಷ್ಟು ಖರ್ಚಾಯಿತು?' ಜಾಸ್ತಿ ಜನ ತಮ್ಮದೇ ಬೈಕಿನಲ್ಲಿ ಒಯ್ಯುತ್ತಿದ್ದರು, ಖರ್ಚೇ ಇರಲಿಲ್ಲ. ಗಾಡಿ ಕೊಳ್ಳಲಿಲ್ಲ. ನೆನಪಿನ ಅವಧಿಯನ್ನೂ ಚಿಕ್ಕದಾಗಿಡಿ: 'ಸಾಮಾನ್ಯವಾಗಿ' ಬೇಡ, 'ಕಳೆದ 30 ದಿನಗಳಲ್ಲಿ' ಅನ್ನಿ.

'ಕೆಳಗಿನ ಮಾತನ್ನು ಒಪ್ಪುತ್ತೀರಾ?' ಅನ್ನುವ ಮಾದರಿ ಎಲ್ಲಾ ಕಡೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ಅಳತೆಪಟ್ಟಿಯಿಂದ ಬಂದದ್ದು ಅದು: ಪೂರ್ತಿ ಒಪ್ಪುತ್ತೇನೆ ಅನ್ನುವಲ್ಲಿಂದ ಒಪ್ಪುವುದೇ ಇಲ್ಲ ಅನ್ನುವವರೆಗೆ ಐದು ಮೆಟ್ಟಿಲು. ಒಳ್ಳೆ ಸಾಧನವೇ. ಆದರೆ ಜನ ಎದುರಿಗಿರುವ ಮಾತನ್ನು ಒಪ್ಪಿಕೊಂಡು ಮುಂದೆ ಹೋಗುವುದು ಎಲ್ಲ ದೇಶಗಳಲ್ಲೂ ಕಂಡಿರುವ ಅಭ್ಯಾಸ, ದೊಡ್ಡವರ ಮಾತಿಗೆ ಹ್ಞೂಂ ಅನ್ನುವ ನಮ್ಮಲ್ಲಿ ಅದು ಸುಲಭಕ್ಕೆ ಬರುತ್ತದೆ. 'ಸೂಪರ್‌ವೈಸರ್ ನನ್ನ ಮಾತು ಕೇಳುತ್ತಾರೆ, ಒಪ್ಪುತ್ತೀರಾ?' ಅನ್ನುವ ಬದಲು 'ಕಳೆದ ತಿಂಗಳು ಮಿಷನ್ ತೊಂದರೆ ಹೇಳಿದಾಗ ಎಷ್ಟು ಹೊತ್ತಿಗೆ ರಿಪೇರಿ ಆಯಿತು?' ಅಂತ ಕೇಳಿ, ಕೆಳಗೆ ಅದೇ ದಿನ, ಮರುದಿನ, ಎರಡು ದಿನಕ್ಕಿಂತ ಜಾಸ್ತಿ, ಇನ್ನೂ ಆಗಿಲ್ಲ, ನಾನು ಹೇಳಿರಲಿಲ್ಲ ಅಂತ ಐದು ಆಯ್ಕೆ ಕೊಡಿ. ಆ ಕೊನೆಯದನ್ನು ಮರೆಯಬೇಡಿ. ಅದಕ್ಕೆ ಜಾಸ್ತಿ ಟಿಕ್ ಬಿದ್ದರೆ ಜನ ಹೇಳೋದನ್ನೇ ನಿಲ್ಲಿಸಿದ್ದಾರೆ ಅಂತ ಅರ್ಥ.

ಅಳತೆಪಟ್ಟಿಯ ಪದಗಳ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. 'ಅತ್ಯಂತ ತೃಪ್ತಿಕರ, ತೃಪ್ತಿಕರ, ತಟಸ್ಥ' ಅಂತ ಬರೆದರೆ 'ತಟಸ್ಥ' ಯಾರ ಬಾಯಲ್ಲೂ ಬರುವ ಪದವಲ್ಲ. ನಡುವಿನ ಮೆಟ್ಟಿಲಿಗೆ 'ಅಡ್ಡಿಯಿಲ್ಲ' ಅಂತ ಹಾಕೋಣ ಅನಿಸುತ್ತದೆ. ಹಾಕಬೇಡಿ. ನಮ್ಮ ಕಡೆ 'ಅಡ್ಡಿಯಿಲ್ಲ' ಅಂದರೆ ಕೆಲವರಿಗೆ ಚೆನ್ನಾಗಿದೆ ಅಂತಲೇ ಅರ್ಥ, ಕೆಲವರಿಗೆ ಹೇಗೋ ನಡೆಯುತ್ತದೆ ಅಂತ. ಒಂದೇ ಪದಕ್ಕೆ ಎರಡು ತೂಕ ಇದ್ದರೆ ತಕ್ಕಡಿ ಹೇಗೆ ನಂಬೋದು? 'ತುಂಬಾ ಛಲೋ, ಛಲೋ, ಛಲೋನೂ ಅಲ್ಲ ಕೆಟ್ಟದ್ದೂ ಅಲ್ಲ, ಕೆಟ್ಟದ್ದು, ತುಂಬಾ ಕೆಟ್ಟದ್ದು' ಅಂತ ಬರೆದರೆ ಸ್ವಲ್ಪ ಉದ್ದವಾದರೂ ಎಲ್ಲರಿಗೂ ಒಂದೇ ಅರ್ಥ. ಈ ಐದರ ಹೊರಗೆ 'ಗೊತ್ತಿಲ್ಲ' ಬೇರೆ ಇರಲಿ. ಗೊತ್ತಿಲ್ಲದವರನ್ನು ನಡುವಿಗೆ ತಳ್ಳಿದರೆ ಲೆಕ್ಕ ಕೆಡುತ್ತದೆ.

ವಯಸ್ಸು 20-30, 30-40 ಅಂತ ಹಾಕಿದರೆ ಮೂವತ್ತರವರು ಎರಡು ಕಡೆ ಬರುತ್ತಾರೆ. 20-29, 30-39 ಅಂತ ಹಾಕಿ. ಇಂಥ ವಿವರ ಬೇಕೇಬೇಕು ಅಂದರೆ ಕೊನೆಯಲ್ಲಿ ಕೇಳಿ. ಮೊದಲ ಪ್ರಶ್ನೆ ಹಗುರಾಗಿರಲಿ, ಕಷ್ಟದ್ದು ನಡುವೆ ಬರಲಿ. ತಮ್ಮ ಮಾತಲ್ಲಿ ಬರೆಯಲು ಜಾಗ ಬಿಟ್ಟ ಒಂದೇ ಒಂದು ಖಾಲಿ ಪ್ರಶ್ನೆ ಇರಲಿ: 'ಒಂದೇ ಒಂದು ವಿಷಯ ಬದಲಾಯಿಸಬಹುದು ಅಂದರೆ ಯಾವುದು?'

ಕೆಲಸಗಾರರ ಭಯ

'ನಿಮ್ಮ ಹೆಸರು ಗುಟ್ಟಾಗಿಡುತ್ತೇವೆ' ಅಂತ ಬರೆದರೆ ಸಾಲದು. ಹೆಸರು ಬರೆಸದಿದ್ದರೂ ವಯಸ್ಸು, ವಿಭಾಗ, ಗಂಡೋ ಹೆಣ್ಣೋ, ಎಷ್ಟು ವರ್ಷದಿಂದ ಇದ್ದಾರೆ ಅಂತ ನಾಲ್ಕು ವಿಷಯ ಕೇಳಿದಿರಿ ಅಂದುಕೊಳ್ಳಿ. ವಾಷಿಂಗ್ ವಿಭಾಗದಲ್ಲಿರುವ, ನಲವತ್ತು ದಾಟಿದ, ಎಂಟು ವರ್ಷದ ಹೆಣ್ಣುಮಗಳು ಒಬ್ಬರೇ ಇರುತ್ತಾರೆ. ಹೆಸರು ಬರೆಸಿದ ಹಾಗೇ ಆಯಿತು. ವಿಭಾಗ ಒಂದು ಕೇಳಿದರೆ ಸಾಕು, ಐದಕ್ಕಿಂತ ಕಡಿಮೆ ಜನ ಉತ್ತರ ಕೊಟ್ಟ ವಿಭಾಗದ ಲೆಕ್ಕವನ್ನು ಬೇರೆಯಾಗಿ ತೋರಿಸಬೇಡಿ.

ಸಣ್ಣ ಜಾಗದಲ್ಲಿ ಕೈಬರಹವನ್ನೂ ಗುರುತು ಹಿಡಿಯುತ್ತಾರೆ. ಅದಕ್ಕೇ ಟಿಕ್ ಹಾಕುವ ಪ್ರಶ್ನೆಗಳೇ ಜಾಸ್ತಿ ಇರಲಿ, ಎಲ್ಲರಿಗೂ ಒಂದೇ ಬಣ್ಣದ ಪೆನ್ ಕೊಡಿ, ಆ ಖಾಲಿ ಪ್ರಶ್ನೆಯ ಉತ್ತರಗಳನ್ನು ಹೊರಗಿನವರೊಬ್ಬರು ಟೈಪ್ ಮಾಡಿದ ಮೇಲಷ್ಟೇ ಮಾಲೀಕರಿಗೆ ಹೋಗಲಿ. ಡಬ್ಬಿಗೆ ಬೀಗ ಹಾಕಿ. ಕೀಲಿ ಆಫೀಸಿನವರ ಹತ್ತಿರ ಬೇಡ, ಕೆಲಸಗಾರರೇ ಆರಿಸಿದ ಇಬ್ಬರ ಹತ್ತಿರ ಇರಲಿ. ಸೂಪರ್‌ವೈಸರ್ ಆ ಹೊತ್ತಲ್ಲಿ ಶೆಡ್ಡಿನಿಂದ ಹೊರಗಿರಲಿ.

ಗೂಗಲ್ ಫಾರ್ಮ್ಸ್ ಬಳಸುವವರು ಇಮೇಲ್ ಸಂಗ್ರಹಿಸುವ ಆಯ್ಕೆ ಬಂದ್ ಆಗಿದೆಯಾ ನೋಡಿ. 'ಒಬ್ಬರಿಗೆ ಒಂದೇ ಉತ್ತರ' ಅಂತ ಇಟ್ಟರೆ ಅದು ಗೂಗಲ್ ಖಾತೆಗೆ ಲಾಗಿನ್ ಆಗಿ ಅನ್ನುತ್ತದೆ. ಇಮೇಲ್ ನಿಮಗೆ ಕಾಣದಿದ್ದರೂ ಉತ್ತರ ಕೊಡುವವರಿಗೆ ಅಲ್ಲೇ ಅನುಮಾನ ಬರುತ್ತದೆ. ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಕೊಟ್ಟಿರುವ ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ವಾಟ್ಸಾಪ್ ಲಿಂಕ್ ಕಳಿಸಿದರೆ ಉತ್ತರ ಯಾರದ್ದು? ಅವರಿಗೆ ಕಾಗದದ ಚೀಟಿಯೇ ಒಳ್ಳೆಯದು. ಓದಲು ಬಾರದವರಿಗೆ ಮುಖದ ಚಿತ್ರಗಳನ್ನು ಹಾಕಿ, ಹೊರಗಿನ ಹೆಣ್ಣುಮಗಳೊಬ್ಬರು ಪ್ರಶ್ನೆ ಓದಿ ಹೇಳಲಿ, ಟಿಕ್ ಮಾತ್ರ ಉತ್ತರ ಕೊಡುವವರೇ ಹಾಕಲಿ.

ಹೇಳಲು ಇನ್ನೂ ಕಷ್ಟವಾದ ವಿಷಯಕ್ಕೆ 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಅನ್ನುವ ಸಂಶೋಧಕರು ಒಂದು ದಾರಿ ತೋರಿಸಿದರು. ಆಮೇಲೆ ಅದರಿಂದ ಬೆಳೆದ ಒಂದು ಸರಳ ರೂಪ ಹೇಳುತ್ತೇನೆ. ದೊಡ್ಡ ಕಾರ್ಖಾನೆಯಲ್ಲಿ 200 ಜನರನ್ನು 'ಕಳೆದ ತಿಂಗಳು ಸೇಫ್ಟಿ ಬೆಲ್ಟ್ ಇಲ್ಲದೆ ಎತ್ತರದಲ್ಲಿ ಕೆಲಸ ಮಾಡಿದ್ದೀರಾ?' ಅಂತ ಕೇಳಬೇಕು. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಹಾರಿಸಲಿ. ತಲೆ ಬಿದ್ದರೆ ನಿಜ ಏನೇ ಇರಲಿ 'ಹೌದು' ಅಂತ ಹಾಕಲಿ. ಹಿಂಬದಿ ಬಿದ್ದರೆ ನಿಜ ಹಾಕಲಿ. ಯಾವ 'ಹೌದು' ನಾಣ್ಯದ್ದು, ಯಾವುದು ನಿಜದ್ದು ಅಂತ ಯಾರಿಗೂ ಗೊತ್ತಾಗಲ್ಲ. ಲೆಕ್ಕ ಮಾತ್ರ ಸಿಗುತ್ತದೆ: ಸುಮಾರು 100 'ಹೌದು' ನಾಣ್ಯದಿಂದಲೇ ಬರುತ್ತವೆ. ಒಟ್ಟು 130 ಬಂದಿದ್ದರೆ ಉಳಿದ 100 ಜನರಲ್ಲಿ ಸುಮಾರು 30 ಜನ, ಅಂದರೆ ನೂರಕ್ಕೆ ಮೂವತ್ತು ಮಂದಿ ಹಾಗೆ ಮಾಡಿದ್ದಾರೆ. ನಾಣ್ಯ ಲೆಕ್ಕ ಹಾಕಿದಷ್ಟೇ ಬೀಳುವುದಿಲ್ಲವಾದ್ದರಿಂದ ಇದು ಅಂದಾಜು. ನಲವತ್ತು ಜನರ ಜಾಗದಲ್ಲಿ ಬೇಡ.

ಲೈಂಗಿಕ ಕಿರುಕುಳದಂಥ ವಿಷಯವನ್ನು ಸರ್ವೆಯ ಮೇಲೆ ಬಿಟ್ಟು ಕೂರಬೇಡಿ. 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಫಾರಂ ಕೆಳಗೆ ಆ ಸಮಿತಿಯನ್ನು ಹೇಗೆ ಕಾಣಬೇಕು ಅಂತ ಬರೆಯಿರಿ.

ಗಿರಾಕಿಗಳಲ್ಲಿ ಬಾರದವರನ್ನು ಕೇಳಿ

ಅಂಗಡಿಗೆ ಬಂದವರನ್ನೇ ಕೇಳಿದರೆ ಅಂಗಡಿ ಇಷ್ಟಪಟ್ಟವರ ಉತ್ತರ ಮಾತ್ರ ಸಿಗುತ್ತದೆ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ, ಯಾರಿಗೆ ಮತ ಹಾಕುತ್ತೀರಿ ಅಂತ ಕೇಳಿ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳಲ್ಲಿ ಹೆಚ್ಚಿನವು ಫೋನ್ ಇದ್ದವರ, ಕಾರು ಇದ್ದವರ ಪಟ್ಟಿಯಿಂದ ಬಂದಿದ್ದವು, ಉತ್ತರಿಸಿದವರೂ ಬೇರೆ ತರದವರು. ತಪ್ಪು ಜನರನ್ನು ಕೇಳಿದರೆ ಲಕ್ಷಗಟ್ಟಲೆ ಉತ್ತರವೂ ಕಾಪಾಡುವುದಿಲ್ಲ.

ನಮ್ಮ ಮಟ್ಟಕ್ಕೆ ಇದು ಸುಲಭ. ಹಳೆ ಬಿಲ್ ಬುಕ್ ತೆಗೆಯಿರಿ. ಕಳೆದ ವರ್ಷ ಬಂದು ಈ ವರ್ಷ ಬಾರದ ಹೋಲ್‌ಸೇಲ್ ಗಿರಾಕಿಗಳನ್ನು ಪಟ್ಟಿ ಮಾಡಿ, ಅದರಲ್ಲಿ ಹತ್ತು ಜನರಿಗೆ ಫೋನ್ ಮಾಡಿ. 'ಯಾಕೆ ಬಿಟ್ಟಿರಿ?' ಅಂದರೆ ತಪ್ಪು ಹೊರಿಸಿದ ಹಾಗೆ. 'ಕಳೆದ ಸಲ ಮಾಲು ಎಲ್ಲಿ ತಗೊಂಡ್ರಿ, ಅಲ್ಲಿ ಏನು ಅನುಕೂಲ ಆಯ್ತು?' ಅಂತ ಕೇಳಿ. ಈಗ ಬರುತ್ತಿರುವವರಲ್ಲಿ ಪ್ರತಿ ಹತ್ತನೇ ಬಿಲ್ಲಿನವರನ್ನು ಕೇಳಿ. ಹಸನ್ಮುಖದವರನ್ನು ಆರಿಸಿಕೊಳ್ಳಬೇಡಿ. ಹೀಗೆ ಆಯ್ಕೆ ಮಾಡದೆ ಕೇಳಿದರೆ 100 ಜನರ ಉತ್ತರದಲ್ಲಿ ಹೆಚ್ಚುಕಡಿಮೆ ನೂರಕ್ಕೆ 10ರಷ್ಟು ಆಚೀಚೆ ಆಗಬಹುದು, 400 ಜನ ಆದರೆ 5ರಷ್ಟು. ನೂರು ಜನರನ್ನು ಕೇಳಿ 62 ಇದ್ದದ್ದು 65 ಆಯಿತು ಅಂತ ಸಂಭ್ರಮಿಸಬೇಡಿ.

0ಯಿಂದ 10ರೊಳಗೆ 'ನಮ್ಮನ್ನು ಬೇರೆಯವರಿಗೆ ಹೇಳುತ್ತೀರಾ?' ಅನ್ನುವ ಪ್ರಶ್ನೆ ಅಮೆರಿಕದ ಬಿಸಿನೆಸ್ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಜನಪ್ರಿಯ ಮಾಡಿದ್ದು. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರದ್ದನ್ನು ಕಳೆಯುತ್ತಾರೆ. ಸಣ್ಣ ಅಂಗಡಿಗೆ ಆ ಅಂಕಿಗಿಂತ ಅದರ ಕೆಳಗಿನ 'ಯಾಕೆ?' ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನೋದು ನನ್ನ ಅನುಭವ. ಕೌಂಟರ್ ಹುಡುಗ ಎದುರಿಗೆ ನಿಂತು 'ಅಣ್ಣಾ, ಐದು ಸ್ಟಾರ್ ಕೊಡ್ರಿ' ಅಂತ ಕೇಳಿ ಪಡೆದ ಸ್ಟಾರ್‌ಗಳಿಂದ ಏನೂ ಕಲಿಯಲು ಆಗಲ್ಲ. ಉಡುಗೊರೆ ಕೊಡೋದಾದರೆ ಉತ್ತರ ಕೊಟ್ಟ ಎಲ್ಲರಿಗೂ ಕೊಡಿ. ಫೋನ್ ನಂಬರ್ ತಗೊಂಡರೆ ಯಾಕೆ ಅಂತ ಹೇಳಿ, ಆ ಕೆಲಸಕ್ಕೆ ಮಾತ್ರ ಬಳಸಿ.

ಯಾವಾಗ ಕೇಳಬೇಕು

ಬಟವಾಡೆ ದಿನ ಬೇಡ, ದೀಪಾವಳಿ ಬೋನಸ್ ಮುಂಚಿನ ವಾರ ಬೇಡ. ಭತ್ತದ ಕಟಾವಿನ ಹೊತ್ತಿಗೆ ಸಿಂಧನೂರಿನ ರೈತರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ, ಕೊಪ್ಪಳದಲ್ಲಿ ಜನವರಿಯ ಗವಿಮಠದ ಜಾತ್ರೆ ವಾರವೂ ಹಾಗೇ. ಕೆಲಸದ ವೇಳೆಯಲ್ಲೇ ಹದಿನೈದು ನಿಮಿಷ ಬಿಟ್ಟುಕೊಡಿ. ಪೀಸ್ ರೇಟ್‌ನವರಿಗೆ ಆ ಹೊತ್ತಿನ ಪೀಸಿನ ಹಣವನ್ನೂ ಕೊಡಿ, ಇಲ್ಲದಿದ್ದರೆ ಫಾರಂ ತುಂಬೋದು ಅವರಿಗೆ ನಷ್ಟವೇ.

ಅದಕ್ಕೂ ಮೊದಲು ಐದು ಜನರಿಗೆ ಕೊಟ್ಟು ನೋಡಿ. ಪಕ್ಕದಲ್ಲಿ ಕೂತು 'ಈ ಪ್ರಶ್ನೆ ಏನು ಕೇಳ್ತಿದೆ, ನಿಮ್ಮ ಮಾತಲ್ಲಿ ಹೇಳಿ' ಅನ್ನಿ. ಇಬ್ಬರು ಬೇರೆ ಬೇರೆ ಹೇಳಿದರೆ ಆ ಪ್ರಶ್ನೆ ತಿದ್ದಿ. ಈ ಒಂದು ಹೆಜ್ಜೆ ಬಿಟ್ಟಾಗಲೆಲ್ಲಾ ನಾನು ಆಮೇಲೆ ಪಶ್ಚಾತ್ತಾಪ ಪಟ್ಟುಕೊಂಡಿದ್ದೇನೆ.

ಬಂದ ಉತ್ತರ ಓದೋದು, ಹೇಳೋದು

ನಲವತ್ತು ಜನರಲ್ಲಿ ಶೇಕಡಾ ಲೆಕ್ಕ ಬೇಡ. '31 ಜನರಲ್ಲಿ 22' ಅಂತ ಬರೆಯಿರಿ. ಉತ್ತರ ಕೊಡದವರು ಎಷ್ಟು ಅಂತಲೂ ಬರೆಯಿರಿ. ಖಾಲಿ ಪ್ರಶ್ನೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ತರದವನ್ನು ಗುಂಪು ಮಾಡಿ. ಯಾರು ಬರೆದಿರಬಹುದು ಅಂತ ಊಹಿಸಲು ಹೋಗಬೇಡಿ, ಒಮ್ಮೆ ಹಾಗೆ ಮಾಡಿದಿರಿ ಅಂತ ಗೊತ್ತಾದರೆ ಆ ಜಾಗದಲ್ಲಿ ಮತ್ತೆ ನಿಜ ಸಿಗುವುದಿಲ್ಲ.

ನಮ್ಮ ಯುನಿಟ್‌ನಲ್ಲಿ ಉಳಿದ 31 ಜನರಿಗೆ ದೀಪಾವಳಿ ಕಳೆದು ಎರಡು ವಾರಕ್ಕೆ ಹೊಸ ಚೀಟಿ ಕೊಟ್ಟೆವು. ಹೆಸರಿಲ್ಲ, ಒಂಬತ್ತು ಪ್ರಶ್ನೆ, ಬೀಗದ ಡಬ್ಬಿ. ಮಾಲೀಕರು ಪಕ್ಕದ ಯುನಿಟ್ ರೇಟ್ ಜಾಸ್ತಿ ಕೊಟ್ಟದ್ದಕ್ಕೇ ಜನ ಹೋದರು ಅಂತ ನಂಬಿದ್ದರು. 'ಒಂದೇ ಒಂದು ವಿಷಯ' ಪ್ರಶ್ನೆಗೆ 22 ಜನ ಬರೆದದ್ದು ಪೀಸಿನ ಎಣಿಕೆಯ ಬಗ್ಗೆ. ಸಂಜೆ ತಾವು ಎಣಿಸಿದ್ದಕ್ಕೂ ಬುಕ್ಕಿನಲ್ಲಿ ಬಂದದ್ದಕ್ಕೂ ತಾಳೆ ಆಗುತ್ತಿರಲಿಲ್ಲ, ಕೇಳಿದರೆ ಜಗಳ.

ಹತ್ತನೇ ದಿನಕ್ಕೆ ನೋಟಿಸ್ ಬೋರ್ಡ್ ಮೇಲೆ ಒಂದು ಹಾಳೆ ಅಂಟಿಸಿದೆವು. 'ನೀವು ಹೇಳಿದ್ದು' ಅಂತ ಮೂರು ಸಾಲು. 'ನಾವು ಮಾಡೋದು: ಸೋಮವಾರದಿಂದ ಪ್ರತಿ ಮಿಷನ್‌ಗೂ ಒಂದು ಕಾರ್ಡ್, ಸಂಜೆ ಟೈಲರ್ ಮತ್ತು ಸೂಪರ್‌ವೈಸರ್ ಇಬ್ಬರೂ ಎಣಿಸಿ ಇಬ್ಬರೂ ಸಹಿ.' 'ಈಗ ಆಗದೇ ಇರೋದು: ಶೆಡ್ಡಿನ ಮೇಲ್ಛಾವಣಿ ಬದಲಾವಣೆ, ಹಣ ಹೊಂದಿಸಬೇಕು, ಬೇಸಿಗೆಗೆ ಮುಂಚೆ ಇನ್ನೆರಡು ಫ್ಯಾನ್ ಹಾಕುತ್ತೇವೆ.' ಕೆಳಗೆ 'ಮುಂದಿನ ಚೀಟಿ ಫೆಬ್ರವರಿ 10ಕ್ಕೆ' ಅಂತ ಬರೆದೆವು.

ಫೆಬ್ರವರಿ 9ರ ಸಂಜೆ ಓವರ್‌ಲಾಕ್ ಮಿಷನ್‌ನ ಅಕ್ಕ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು ಕೇಳಿದರು, "ನಾಳಿ ಚೀಟಿ ಕೊಡ್ತೀರಲ್ರೀ? ನಂದು ಒಂದು ಬರೀಬೇಕಾಗೇತಿ."